ಗೋಣಿ ಮೂಸುವ ಗಂಗೂಬಾಯಿ

ಹರಿದ ಗೋಣಿಚೀಲವನ್ನು ಕೈಗೆ ಕೊಟ್ಟರೆ ಗಂಗೂಬಾಯಿ ಮೊದಲು ಅದರ ಒಳಗನ್ನು ಹೊರಗೆ ಮಾಡುತ್ತಿದ್ದಳು. ಎರಡು ಸಲ ಜಾಡಿಸಿ, ತಳದ ಮೂಲೆಗೆ ಮೂಗು ಹಚ್ಚಿ, ಕಣ್ಣು ಮುಚ್ಚಿ ಒಂದು ಉಸಿರು ಎಳೆದು, “ಒಣಾ ಮೆಣಸಿನಕಾಯಿ. ಅದಕ್ಕೂ ಮೊದಲ ಸಕ್ಕರಿ ಇತ್ತು” ಎಂದು ತೀರ್ಪು ಕೊಟ್ಟ ಮೇಲೆಯೇ ದಬ್ಬಣಕ್ಕೆ ಸುತಳಿ ಪೋಣಿಸುವುದು. ಇದನ್ನು ನೋಡಲೆಂದೇ ಹೈದರಾಬಾದಿನ ಬೇಗಂ ಬಜಾರಿನ ಬೇಳೆ ವ್ಯಾಪಾರಿಗಳು ಚಹಾ ಹಿಡಿದು ನಿಲ್ಲುತ್ತಿದ್ದರಂತೆ. ಹಳೆಯ ಚೀಲ ಕೊಳ್ಳುವ ಮೊದಲು, ಗಂಗೂಬಾಯಿ ಮೂಸಿದ್ದಾಳೋ ಇಲ್ಲವೋ ಎಂದು ಕೇಳುವುದು ಆ ಗಲ್ಲಿಗಳಲ್ಲಿ ರೂಢಿಯಾಗಿತ್ತು.

ಅವಳು ನನಗಿಂತ ಮೂವತ್ತೈದು ವರ್ಷ ದೊಡ್ಡವಳು. ನಾನು ಆಯಿ ಎಂದು ಕರೆಯುತ್ತಿದ್ದೆ, ಅವಳು ನನ್ನನ್ನು ಬಾಯಾರ ಎನ್ನುತ್ತಿದ್ದಳು. ಆಯಿಗೆ ಬಹುವಚನ ಹಚ್ಚಿದರೆ ಅವಳು ಬೇರೆ ಯಾರೋ ಆಗಿಬಿಡುತ್ತಾಳೆ. ಆದ್ದರಿಂದ ಇಲ್ಲಿ ಏಕವಚನವೇ ಇರಲಿ, ಯಾರೂ ನನ್ನ ಸಂಸ್ಕಾರದ ಬಗ್ಗೆ ಪತ್ರ ಬರೆಯುವುದು ಬೇಡ.

ಆಳಂದ ತಾಲೂಕಿನ ಹಳ್ಳಿಯಿಂದ ಹದಿನೇಳನೇ ವಯಸ್ಸಿಗೆ ಮದುವೆಯಾಗಿ ಹೈದರಾಬಾದಿಗೆ ಬಂದವಳು. ಗಂಡ ಬಜಾರಿನಲ್ಲಿ ಹಮಾಲ. ನಾಂಪಲ್ಲಿ ಸ್ಟೇಷನ್ನಿನ ಹಿಂದೆ ಒಂದೇ ಕೋಣೆಯ ಮನೆ, ಆ ಕೋಣೆಯಲ್ಲಿ ಅತ್ತೆ. ಗೋಣಿ ಹೊಲಿಯುವುದನ್ನು ಕಲಿಸಿದವಳು ಅತ್ತೆಯೇ. ಹೊಲಿಗೆ ಎರಡೇ ದಿನಕ್ಕೆ ಬಂತಂತೆ. ಮೂಸುವುದು ಬರಲು ಎರಡು ವರ್ಷ ಹಿಡಿಯಿತು. ಈ ಕೆಲಸದ ಹೆಂಗಸರು ತೀರಾ ಹರಿದ ಚೀಲವನ್ನು ಬಿಸಾಡುವುದಿಲ್ಲ. ಗಟ್ಟಿ ಉಳಿದ ಭಾಗವನ್ನು ಚೌಕವಾಗಿ ಕತ್ತರಿಸಿಟ್ಟುಕೊಂಡು ಬೇರೆ ಚೀಲಗಳಿಗೆ ತೇಪೆ ಹಾಕುತ್ತಾರೆ. ಅವರ ಬಾಯಲ್ಲಿ ಅದು ತ್ಯಾಪಿ. ಹೀಗೆ ಒಂದು ಹಳೆಯ ಚೀಲದ ಮೈಮೇಲೆ ಐದಾರು ಬೇರೆ ಚೀಲಗಳ ತುಂಡು ಕೂತಿರುತ್ತವೆ. ಅದಕ್ಕೇ ಅತ್ತೆಯ ಕಟ್ಟಪ್ಪಣೆ: ಮೂಸದೆ ತ್ಯಾಪಿ ಕತ್ತರಿಸಬಾರದು. ಅದರಲ್ಲೂ ಔಡಲ, ಅಂದರೆ ಹರಳು ತುಂಬಿದ ಚೀಲ, ಔಡಲದ ಹಿಂಡಿ ತುಂಬಿದ ಚೀಲ ಕಾಳಿನ ಚೀಲಗಳ ಹತ್ತಿರವೂ ಸುಳಿಯಬಾರದು. ಔಡಲದ ಧೂಳು ಕೆಲವರಿಗೆ ಏನೂ ಮಾಡುವುದಿಲ್ಲ, ಕೆಲವರ ಉಸಿರನ್ನೇ ಹಿಡಿದುಬಿಡುತ್ತದೆ. ಅತ್ತೆಯ ಕಣ್ಣ ಮುಂದೆಯೇ ಗಟ್ಟಿಮುಟ್ಟಾದ ಒಬ್ಬ ಹಮಾಲ ಹಾಗೆ ನೆಲಕ್ಕೆ ಬಿದ್ದಿದ್ದನಂತೆ.

ಗಂಡ ಬೇಗ ತೀರಿಕೊಂಡ. ಗಂಗೂಬಾಯಿ ಬಜಾರಿನ ಕಟ್ಟೆಗಳ ಮೇಲೆ ಕೂತು ಹೊಲಿದೇ ಇಬ್ಬರು ಹೆಣ್ಣುಮಕ್ಕಳ ಮದುವೆ ಮಾಡಿದಳು. ಅಣ್ಣನ ಮಗಳು ಶಿವಗಂಗಾಳನ್ನು ಗಂಡ ಬಿಟ್ಟುಹೋದಾಗ, ಅಳುತ್ತಾ ಕೂಡಬೇಡ ಎಂದು ಬೈದು ತನ್ನ ಕೋಣೆಗೆ ಕರೆದುಕೊಂಡು ಬಂದಳು.

ಇನ್ನು ನಾನು. ನನ್ನ ಹೆಸರು ರಶ್ಮಿ. ಅಪ್ಪ ಹುಮನಾಬಾದ್ ಕಡೆಯವರು, ಸಿಕಂದರಾಬಾದಿನಲ್ಲಿ ರೈಲ್ವೆ ನೌಕರಿ ಮಾಡಿ ನಿವೃತ್ತರಾದವರು. ನಾನು ಅಮೃತಪ್ಪನವರ ಕಂಪನಿಯಲ್ಲಿ ಸುಸ್ಥಿರತಾ ಅಧಿಕಾರಿ. ಅಪ್ಪ ಈ ಹುದ್ದೆಯ ಹೆಸರನ್ನು ಮೂರು ಸಲ ಹೇಳಿಸಿಕೊಂಡು, “ಅಂದ್ರ ಮಾಡೂದೇನವಾ?” ಎಂದು ಕೇಳಿದ್ದರು. ಆಗ ನನಗೆ ಸಿಟ್ಟು ಬಂದಿತ್ತು. ಈಗ ಅನಿಸುತ್ತದೆ, ಅಷ್ಟು ಒಳ್ಳೆಯ ಪ್ರಶ್ನೆಯನ್ನು ನನಗೆ ಮತ್ತೆ ಯಾರೂ ಕೇಳಲಿಲ್ಲ.

ಅಮೃತಪ್ಪನವರು ಬೀದರ ಮೂಲದ ವ್ಯಾಪಾರಿ. ತಾಂಡೂರು, ಜಹೀರಾಬಾದ್, ನಾರಾಯಣಪೇಟೆ ಕಡೆಯ ಹಳ್ಳಿಗಳಿಂದ ಜೋಳ, ಸಜ್ಜೆ, ಎಳ್ಳು ಕೊಂಡು, ಹೈದರಾಬಾದಿನ ಅಂಚಿನ ಕಾಟೇದಾನಿನ ಶೆಡ್ಡಿನಲ್ಲಿ ಸ್ವಚ್ಛ ಮಾಡಿಸಿ ಯೂರೋಪಿಗೆ ಕಳಿಸುತ್ತಾರೆ. ಅವರ ಮನಸ್ಸಿನಲ್ಲಿ ಭೂಮಿತಾಯಿಯ ಮೇಲೆ ಭಕ್ತಿ ಹುಟ್ಟಿದ ದಿನ ನನಗೆ ಚೆನ್ನಾಗಿ ನೆನಪಿದೆ. ಅದು ಒಂದು ಮಂಗಳವಾರ, ಮಧ್ಯಾಹ್ನ ಊಟ ಆದ ಮೇಲೆ. ಯೂರೋಪಿನ ಗಿರಾಕಿಯಿಂದ ಮೇಲ್ ಬಂದಿತ್ತು. ಹಳ್ಳಿಯಿಂದ ಶೆಡ್ಡಿನವರೆಗೆ ಪ್ಲಾಸ್ಟಿಕ್ ಚೀಲ ಇರಕೂಡದು, ಅದೇ ಗೋಣಿಚೀಲ ಮತ್ತೆ ಮತ್ತೆ ಹೋಗಿಬರಬೇಕು, ಯಾವ ಚೀಲ ಎಲ್ಲಿಂದ ಬಂತು ಎಂಬುದಕ್ಕೆ ದಾಖಲೆ ಇರಬೇಕು, ಇಲ್ಲದಿದ್ದರೆ ಮುಂದಿನ ವರ್ಷ ಬೇರೆಯವರ ಹತ್ತಿರ ಕೊಳ್ಳುತ್ತೇವೆ. ಸಾವುಕಾರರು ಮೇಲನ್ನು ಎರಡು ಸಲ ಓದಿಸಿದರು. ಪಕ್ಕದ ಶೆಡ್ಡಿನವನಿಗೆ ಅಂಥದೇ ಮೇಲ್ ಮೂರು ತಿಂಗಳ ಹಿಂದೆಯೇ ಬಂದಿದೆ ಎಂದು ತಿಳಿದಾಗ ಅವರ ಭಕ್ತಿ ಇಮ್ಮಡಿಯಾಯಿತು. ಹಸಿರಿನ ಬಗ್ಗೆ ದೊಡ್ಡ ಸಭೆಗಳಲ್ಲಿ ಏನೇನೋ ಕಾರಣ ಹೇಳುತ್ತಾರೆ. ನಾನು ಕಣ್ಣಾರೆ ನೋಡಿದ ಕಾರಣಗಳು ಎರಡು: ಗಿರಾಕಿ ಕೈಬಿಡುತ್ತಾನೆಂಬ ಭಯ, ಪಕ್ಕದವನು ಮುಂದೆ ಹೋಗುತ್ತಾನೆಂಬ ಹೊಟ್ಟೆಕಿಚ್ಚು.

ಆದರೂ ಆದದ್ದು ಒಳ್ಳೆಯದೇ. ಬಜಾರಿನ ಕಟ್ಟೆಗಳಿಂದ ಹದಿನೆಂಟು ಹೆಂಗಸರನ್ನು ನಾನೇ ಹುಡುಕಿ ತಂದೆ. ಬಿಸಿಲಿನಲ್ಲಿ ಕೂತವರಿಗೆ ಫ್ಯಾನು ಬಂತು, ಪಾಯಖಾನೆಗಾಗಿ ಮಸೀದಿಯ ಹಿಂದಿನ ಗಲ್ಲಿಗೆ ಓಡುತ್ತಿದ್ದವರಿಗೆ ಬಾಗಿಲಿರುವ ಪಾಯಖಾನೆ ಬಂತು, ತಿಂಗಳ ಪಗಾರ ಬಂತು. ಗಂಗೂಬಾಯಿ ಅವರೆಲ್ಲರ ಮುಖ್ಯಸ್ಥೆ. ತ್ಯಾಪಿ ಕತ್ತರಿಸುವ ಕೆಲಸ ಅವಳದು. ಅವಳು ಕತ್ತರಿಸಿ ಕೊಟ್ಟದ್ದನ್ನು ಉಳಿದವರು ಹೊಲಿಯುವುದು. ಶಿವಗಂಗಾ ಪಕ್ಕದ ಅಂಕಣದಲ್ಲಿ, ಹಳ್ಳಿಯಿಂದ ಬಂದ ಚೀಲಗಳನ್ನು ಬಿಚ್ಚಿ ಕಾಳು ಸುರಿಯುವವಳು.

ಪ್ರತಿ ಚೀಲದ ಬಾಯಿಗೂ ನಾನು ಒಂದು ಪಟ್ಟಿ ಹೊಲಿಸಿದೆ. ಅದರ ಮೇಲೆ ಗುರುತು. ಮೊಬೈಲ್ ಹಿಡಿದರೆ ಸಾಕು, ಚೀಲ ಯಾವ ಊರಿಗೆ ಹೋಗಿತ್ತು, ಒಳಗೆ ಏನಿತ್ತು ಎಂಬುದೆಲ್ಲ ಪರದೆಯ ಮೇಲೆ ಬರುತ್ತದೆ. ಹಸಿರು ಪಟ್ಟಿ ಎಂದರೆ ಉಪಯೋಗಿಸಬಹುದು, ಕೆಂಪು ಎಂದರೆ ಬೇಡ. ಇನ್ನು ಮೂಸುವ ಅವಶ್ಯಕತೆ ಇಲ್ಲ ಎಂದು ಹೆಂಗಸರಿಗೆ ಹೇಳುವಾಗ ನನಗೆ ಒಳಗೇ ಅಳುಕಿತ್ತು. ನಲವತ್ತು ವರ್ಷದ ಮೂಗಿನಿಂದ ನಾನು ರಾಜೀನಾಮೆ ಕೇಳುತ್ತಿದ್ದೆ. ಗಂಗೂಬಾಯಿ ಜಗಳ ತೆಗೆಯುತ್ತಾಳೆಂದು ಉತ್ತರಗಳನ್ನೆಲ್ಲ ಸಿದ್ಧ ಮಾಡಿಕೊಂಡು ಹೋಗಿದ್ದೆ.

ಅವಳು ಒಂದು ಮಾತೂ ಎದುರಾಡಲಿಲ್ಲ. “ಪಟ್ಟಿ ಹೇಳೂದ ಖರೇ, ಬಾಯಾರ. ಮೂಗಿಗೇನ್ ಐತಿ, ನೆಗಡಿ ಬಂದ್ರ ಮುಗೀತು” ಎಂದಳು. ಉಳಿದವರು ಗೊಣಗಿದಾಗ ಅವಳೇ ಗದರಿಸಿ ಸುಮ್ಮನಾಗಿಸಿದಳು.

ನನಗೆ ಆಕಾಶ ಮೂರೇ ಗೇಣು. ಎಲ್ಲರಿಗಿಂತ ಹಿರಿಯಳೇ ಎಲ್ಲರಿಗಿಂತ ಮೊದಲು ಹೊಸದನ್ನು ಒಪ್ಪಿದಳು ಎಂದು ವರದಿಯಲ್ಲಿ ಬರೆದೆ, ದೊಡ್ಡ ಹೋಟೆಲೊಂದರ ಸಭೆಯಲ್ಲಿ ಅವಳ ಫೋಟೋ ತೋರಿಸಿ ಚಪ್ಪಾಳೆ ಗಿಟ್ಟಿಸಿದೆ. ಯಾಕೆ ಒಪ್ಪಿದಳು ಎಂದು ಒಂದೇ ಒಂದು ಸಲ ಕೇಳಲಿಲ್ಲ.

ಗಿರಾಕಿಯ ಮುಂದಿನ ಬೇಡಿಕೆ ಶೂನ್ಯ ಕಸ. ಶೆಡ್ಡಿನಿಂದ ಸುಡುವುದಕ್ಕೆ, ಎಸೆಯುವುದಕ್ಕೆ ಏನೂ ಹೋಗಬಾರದು. ಸಾವುಕಾರರು ಗೋಡೆಗೆ ದೊಡ್ಡ ಹಸಿರು ಬೋರ್ಡು ಹೊಡೆಸಿ, ಎಷ್ಟು ದಿನದಿಂದ ಕಸ ಹೋಗಿಲ್ಲ ಎಂದು ದಿನವೂ ಬರೆಸಿದರು. ಕೆಂಪು ಪಟ್ಟಿಯ ರಾಶಿ ಮಾತ್ರ ಮೂಲೆಯಲ್ಲಿ ಬೆಳೆಯುತ್ತಲೇ ಹೋಯಿತು. ಆ ರಾಶಿಯಲ್ಲಿ ತೀರಾ ಹರಿದ ಒಳ್ಳೆಯ ಚೀಲಗಳೂ ಇದ್ದವು, ಔಡಲದಂಥ ಬೇಡದ್ದು ತುಂಬಿದ್ದ ಚೀಲಗಳೂ ಇದ್ದವು. ಎರಡಕ್ಕೂ ನಾನು ಕೊಟ್ಟದ್ದು ಒಂದೇ ಕೆಂಪು. ಎರಡು ಬಣ್ಣ ಮಾಡಿದರೆ ಹೆಂಗಸರಿಗೆ ಗೊಂದಲವಾಗುತ್ತದೆ ಎಂದು ನಾನೇ ತೀರ್ಮಾನಿಸಿದ್ದೆ. ಸಾವಿರ ಚೀಲಗಳ ವಾಸನೆ ನೆನಪಿಟ್ಟುಕೊಂಡವರಿಗೆ ಎರಡು ಬಣ್ಣ ಕಷ್ಟವಾಗುತ್ತದೆ ಅಂತ!

ಒಂದು ದಿನ ಗಂಗೂಬಾಯಿ ರಾಶಿಯ ಮುಂದೆ ನಿಂತು, “ಇಷ್ಟು ಗಟ್ಟಿ ಗೋಣಿ ಸುಮ್ಮನ ಬಿದ್ದೈತಲ್ರಿ. ಹರಿದದ್ದು ಆರಿಸಿ ತ್ಯಾಪಿ ಮಾಡ್ತೀನಿ” ಎಂದಳು. ನಾನು ಹೂಂ ಅಂದೆ. ಗಂಗೂಬಾಯಿ ಆರಿಸುತ್ತಾಳೆ ಎಂದರೆ ಮೂಸಿಯೇ ಆರಿಸುತ್ತಾಳೆ ಎಂದು ನನಗೂ ಎಲ್ಲರಿಗೂ ನಂಬಿಕೆ. ರಾಶಿ ಕರಗಿತು. ಬೋರ್ಡಿನ ಮೇಲೆ ನೂರನೇ ದಿನ ಎಂದು ಬರೆದಾಗ ಪೇಡೆ ಹಂಚಿದೆವು.

ಶ್ರಾವಣದ ಒಂದು ಬುಧವಾರ, ಬೆಳಿಗ್ಗೆ ಹನ್ನೊಂದರ ಹೊತ್ತು. ನಾನು ಆಫೀಸಿನಲ್ಲಿದ್ದೆ. ಶೆಡ್ಡಿನಿಂದ ಕೂಗು ಕೇಳಿ ಓಡಿದೆ. ಶಿವಗಂಗಾ ಕಾಳಿನ ಗುಡ್ಡೆಯ ಪಕ್ಕ ಮೊಣಕಾಲೂರಿ ಕೂತು, ಎರಡೂ ಕೈಯಿಂದ ಗಂಟಲು ಹಿಡಿದುಕೊಂಡಿದ್ದಳು. ಬಾಯಿ ತೆರೆದೇ ಇದೆ, ಉಸಿರು ಒಳಗೆ ಹೋಗುತ್ತಿಲ್ಲ. ಶಿಳ್ಳೆಯಂಥ ಒಂದು ಸದ್ದು ಮಾತ್ರ ಬರುತ್ತಿತ್ತು. ತುಟಿ ನೀಲಿಯಾಗುತ್ತಿದ್ದದ್ದನ್ನು ನಾನು ನೋಡುತ್ತಲೇ ನಿಂತೆ. ಇಪ್ಪತ್ತಾರು ವರ್ಷದ ಹೆಣ್ಣು, ಒಂದು ಗಂಟೆಯ ಹಿಂದೆ ನನ್ನ ಹೊಸ ಚಪ್ಪಲಿ ನೋಡಿ ನಕ್ಕು ಹೋದವಳು.

“ಹಿಡೀರೇ! ಎತ್ರೇ!” ಎಂದು ಚೀರಿದವಳು ಗಂಗೂಬಾಯಿ. ಸಾವುಕಾರರ ಕಾರಿನಲ್ಲಿ ಹಾಕಿಕೊಂಡು ಓಡಿದೆವು. ದಾರಿಯುದ್ದಕ್ಕೂ ಗಂಗೂಬಾಯಿ ಅವಳ ಬೆನ್ನು ತಿಕ್ಕುತ್ತಾ, “ಉಸರ್ ತಗೋ ನನ್ನವ್ವಾ, ಉಸರ್ ತಗೋ” ಎನ್ನುತ್ತಲೇ ಇದ್ದಳು. ಆಸ್ಪತ್ರೆಯಲ್ಲಿ ಸೂಜಿ ಕೊಟ್ಟು, ಮುಖಕ್ಕೆ ಔಷಧಿಯ ಹಬೆಯ ನಳಿಗೆ ಹಚ್ಚಿದ ಮೇಲೆ ಆ ಶಿಳ್ಳೆ ನಿಂತು ಎದೆ ಏರಿಳಿಯಲು ಶುರುವಾಯಿತು. ಡಾಕ್ಟರಮ್ಮ ನಮ್ಮನ್ನು ಹೊರಗೆ ಕರೆದು ಹೇಳಿದ ಮಾತು ನನ್ನ ಎದೆಯಲ್ಲಿ ಇನ್ನೂ ಕೂತಿದೆ. ಇದು ಹಳೆಯ ದಮ್ಮಲ್ಲ, ಯಾವುದೋ ಧೂಳು ಒಮ್ಮೆಲೇ ಹೋಗಿದೆ, ಅದೇನೆಂದು ಹುಡುಕಿ. ಇನ್ನೊಂದು ಸಲ ಹೀಗಾದರೆ ಇಲ್ಲಿಗೆ ಬರುವಷ್ಟು ಸಮಯ ಸಿಗುವುದಿಲ್ಲ.

ಗಂಗೂಬಾಯಿ ಅದನ್ನು ಕೇಳಿ ಗೋಡೆ ಹಿಡಿದು ಕೂತಳು. ಗಾಬರಿ ಎಂದುಕೊಂಡೆ.

ನಾನು ಶೆಡ್ಡಿಗೆ ಮರಳಿ, ಶಿವಗಂಗಾ ಆ ದಿನ ಬಿಚ್ಚಿದ ಚೀಲಗಳ ಪಟ್ಟಿಗಳನ್ನೆಲ್ಲ ಮೊಬೈಲಿನಲ್ಲಿ ನೋಡಿದೆ. ಜೋಳ, ಜೋಳ, ಸಜ್ಜೆ, ಜೋಳ. ಎಲ್ಲ ಹಸಿರು. ಒಂದು ತಪ್ಪೂ ಇಲ್ಲ. ಮನಸ್ಸಿಗೆ ನೆಮ್ಮದಿಯಾಯಿತು ಎಂದು ಹೇಳಲು ನನಗೆ ಈಗ ನಾಚಿಕೆಯಾಗುತ್ತದೆ, ಆದರೆ ಆಯಿತು. ಹೊರಗೆ ಲಾರಿ ನಿಂತಿತ್ತು. ಹೊಲಿದು ಕಟ್ಟಿದ ಮೂರು ಸಾವಿರ ಚೀಲ ಮರುದಿನ ಮಧ್ಯಾಹ್ನ ತಾಂಡೂರು, ಜಹೀರಾಬಾದ್ ಕಡೆಯ ಹಳ್ಳಿಗಳಿಗೆ ಹೊರಡುವುದಿತ್ತು. ಅಲ್ಲಿಯೂ ಚೀಲಕ್ಕೆ ಕಾಳು ತುಂಬುವವರು ಹೆಂಗಸರೇ.

ಸಾವುಕಾರರು ನನ್ನನ್ನು ಒಳಗೆ ಕರೆದರು. “ನಾಳೆ ಗಿರಾಕಿ ಕಡೆಯಿಂದ ತಪಾಸಣೆಗೆ ಬರಾಕತ್ತಾರ. ಆಸ್ಪತ್ರಿ ಖರ್ಚೆಲ್ಲಾ ನಾ ಕೊಡ್ತೀನಿ, ಅದರ ಚಿಂತಿ ಬ್ಯಾಡ. ಆದ್ರ ಆ ಹುಡುಗಿಗಿ ಮೊದಲಿಂದ ದಮ್ಮಿತ್ತು ಅಂತ ಬರೀ.”

“ಇರಲಿಲ್ಲರಿ, ಸರ್.”

“ಇತ್ತು ಅಂದ್ರ ಯಾರಿಗಿ ಲುಕ್ಸಾನ ಐತಿ? ಇಲ್ಲ ಅಂದ್ರ ಹದಿನೆಂಟು ಮಂದಿ ಮತ್ತ ಬಜಾರದ ಕಟ್ಟಿ ಮ್ಯಾಲ ಕೂಡ್ತಾರ. ನೀನ ವಿಚಾರ ಮಾಡು.”

ಅವರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ನನಗೆ ಇಲ್ಲ ಎನ್ನುವುದು ಸುಲಭವಾಗುತ್ತಿತ್ತು.

ಮರುದಿನ ಬೆಳಿಗ್ಗೆ ತಪಾಸಣೆಯವರು ಶಂಶಾಬಾದಿನ ವಿಮಾನ ನಿಲ್ದಾಣದಲ್ಲಿ ಇಳಿದು ನೇರ ಶೆಡ್ಡಿಗೆ ಬಂದರು. ನರಸಿಂಹ ಎಂದು ಹೆಸರು, ಸೇಲಂ ಕಡೆಯ ತಮಿಳರು. ಇಂಗ್ಲಿಷ್ ಸರಾಗ, ಹಿಂದಿ ಅಷ್ಟಕ್ಕಷ್ಟೇ. ಬಂದವರೇ ಹಿಂದಿನ ದಿನದ ಪ್ರಥಮ ಚಿಕಿತ್ಸೆಯ ಪುಸ್ತಕ ತೆರೆದು ಶಿವಗಂಗಾಳ ಹೆಸರಿನ ಮೇಲೆ ಬೆರಳಿಟ್ಟರು. ಏನಾಯಿತು ಎಂದು ನಾನು ಬಾಯಿ ತೆರೆಯುವ ಮೊದಲೇ, ಹೊಲಿಗೆಯ ಮುಖ್ಯಸ್ಥೆಯ ಹತ್ತಿರ ಮಾತಾಡಬೇಕು, ನೀವು ಅವರ ಮಾತನ್ನು ನನಗೆ ಇಂಗ್ಲಿಷಿನಲ್ಲಿ ಹೇಳಿ ಎಂದರು.

ಗಂಗೂಬಾಯಿ ತನ್ನ ಜಾಗದಲ್ಲೇ ಕೂತಿದ್ದಳು. ಹಿಂದಿನ ದಿನದಿಂದ ಒಂದು ತುತ್ತು ತಿಂದಿರಲಿಲ್ಲವಂತೆ. ಸುತ್ತ ಹದಿನೇಳು ಹೆಂಗಸರು. ನನ್ನ ಪಕ್ಕದಲ್ಲಿ ಅಮೃತಪ್ಪನವರು. ಚೀಲಗಳಲ್ಲಿ ಏನಾದರೂ ಇತ್ತೇ ಎಂದು ನರಸಿಂಹ ಕೇಳಿದರು. ನಾನು ಕನ್ನಡದಲ್ಲಿ ಕೇಳಿದೆ. ಅವಳು ನನ್ನ ಮುಖ ನೋಡಿ ಹೇಳತೊಡಗಿದಳು. ದನಿ ಮೆಲ್ಲಗಿತ್ತು, ನಡುಗುತ್ತಿರಲಿಲ್ಲ.

“ನನ್ನ ಮೂಗು ಸತ್ತು ಮೂರ್ ವರ್ಷ ಆತು, ಬಾಯಾರ. ಕೊರೊನಾ ಎರಡನೇ ಸಲ ಬಂದಾಗ ಹೋತು, ತಿರುಗಿ ಬರಲಿಲ್ಲ. ಊದಬತ್ತಿ ಗೊತ್ತಾಗಂಗಿಲ್ಲ, ಗಟಾರ ಗೊತ್ತಾಗಂಗಿಲ್ಲ. ಯಾರಿಗೂ ಹೇಳಲಿಲ್ಲ. ಹೇಳಿದ್ರ ನನ್ನ ಯಾರು ಕೇಳ್ತಾರ? ಬಜಾರದಾಗ ಮೂಸಿದಂಗ ಮಾಡ್ತಿದ್ದೆ. ಚೀಲ ತಂದ ಹಮಾಲನ ಮಾತಿಗಿ ಹಚ್ಚಿ, ಏನ್ ತುಂಬಿದ್ರು ಅಂತ ತಿಳ್ಕೋತಿದ್ದೆ. ಕಣ್ಣಿಂದ, ಬೆರಳಿಂದ ಸಾಗಿಸಿದೆ. ನೀವು ಪಟ್ಟಿ ತಂದ್ರಿ. ದೇವ್ರ ಬಂದಂಗಾತು ನನಗ.”

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ನನ್ನ ವರದಿ, ಆ ಸಭೆ, ಆ ಚಪ್ಪಾಳೆ ಎಲ್ಲ ತಲೆಯೊಳಗೆ ಗಿರ್ರನೆ ತಿರುಗಿದವು. ಹೆಂಗಸರಲ್ಲಿ ಒಬ್ಬಳು ಬಾಯಿಗೆ ಸೆರಗು ಹಿಡಿದಳು.

“ಕೆಂಪು ಪಟ್ಟಿ ರಾಶ್ಯಾಗ ಕಣ್ಣಿಗಿ ಛಲೋ ಕಂಡದ್ದು ಕತ್ತರಿಸಿದೆ. ಪಟ್ಟಿ ಇದ್ದ ಬಾಯಿ ಕಡೀಗಿ ಬಿತ್ತು, ಮೈ ತ್ಯಾಪಿ ಆತು. ಹೋದ ವಾರ ಶಿವಗಂಗಾ ಬಂದು, ‘ಅತ್ತಿ, ಈ ತ್ಯಾಪಿ ಔಡಲ ಹಿಂಡಿ ನಾರಾಕತ್ತೈತಿ’ ಅಂದ್ಲು. ನಾ ಏನಂದೆ ಗೊತ್ತೈತೇನ್ರಿ? ‘ನೀ ಹುಟ್ಟೂ ಮೊದಲಿಂದ ಮೂಸಾಕತ್ತೀನಿ, ನನಗ ಕಲಸ್ತಿ?’ ಅಂತ ಎಲ್ಲಾರ ಮುಂದ ಬೈದೆ. ಆಕಿ ಸುಮ್ಮನಾದ್ಲು. ಹಂಗ ಸುಮ್ಮನಾಗಿ ನಿನ್ನಿ ಅಂಥಾದ್ದ ಚೀಲ ಬಿಚ್ಚಿ ಸುರುವಿದ್ಲು.”

ಅವಳು ಮಾತು ನಿಲ್ಲಿಸಿದಳು. ಅಮೃತಪ್ಪನವರಿಗೆ ಪ್ರತಿ ಶಬ್ದವೂ ಅರ್ಥವಾಗಿತ್ತು. ಅವರು ನನ್ನತ್ತ ನೋಡಿದರು. ನರಸಿಂಹರೂ ಪೆನ್ನು ಹಿಡಿದು ನನ್ನತ್ತಲೇ ನೋಡುತ್ತಿದ್ದರು.

ನಾನು ಇಂಗ್ಲಿಷಿನಲ್ಲಿ ಹೇಳಿದೆ: ಹುಡುಗಿಗೆ ಮೊದಲಿನಿಂದಲೂ ಸ್ವಲ್ಪ ಉಸಿರಾಟದ ತೊಂದರೆ ಇತ್ತಂತೆ, ಚೀಲಗಳಲ್ಲಿ ಏನೂ ಇರಲಿಲ್ಲವಂತೆ.

ಆ ಮಾತು ನನ್ನ ಬಾಯಿಂದ ಹೇಗೆ ಬಂತು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಮೊದಲೇ ಯೋಚಿಸಿ ಇಟ್ಟುಕೊಂಡದ್ದಲ್ಲ. ಹೇಳಿ ಮುಗಿಸಿದ ಮೇಲೆ ನನ್ನ ದನಿ ಕೇಳಿ ನಾನೇ ಬೆಚ್ಚಿಬಿದ್ದೆ. ಆಯಿಯ ಕೆಲಸ ಉಳಿಸುತ್ತಿದ್ದೇನೆ ಎಂದು ಒಳಗೊಂದು ದನಿ ಹೇಳುತ್ತಿತ್ತು. ಲಾರಿ ಹೊರಗೆ ನಿಂತಿದೆ ಎಂಬುದು ನೆನಪಿಗೇ ಬರಲಿಲ್ಲ.

ನರಸಿಂಹ ಬರೆದುಕೊಳ್ಳತೊಡಗಿದರು. ನಾನಾಡಿದ ಇಂಗ್ಲಿಷು ಗಂಗೂಬಾಯಿಗೆ ತಿಳಿಯಲಿಲ್ಲ. ಆದರೆ ಅಷ್ಟುದ್ದ ಹೇಳಿದ ಮಾತು ಇಷ್ಟು ಚಿಕ್ಕದಾಗಿ ಮುಗಿದದ್ದು, ಕೇಳಿದ ಮನುಷ್ಯನ ಮುಖದಲ್ಲಿ ಗಾಬರಿ ಕಾಣದಿದ್ದದ್ದು ತಿಳಿಯಿತು. ಅವಳು ನನ್ನನ್ನು ಒಂದು ಗಳಿಗೆ ನೋಡಿದಳು. ಆಮೇಲೆ ನೆಲಕ್ಕೆ ಕೈಯೂರಿ ಎದ್ದು, ಲಾರಿಗೆ ಕಟ್ಟಿಟ್ಟಿದ್ದ ಕಟ್ಟಿನಿಂದ ಒಂದು ಚೀಲ ಎಳೆದು, ಕೆಂಪು ರಾಶಿಯಿಂದ ಬಂದ ತೇಪೆಯೊಂದರ ಹೊಲಿಗೆಯನ್ನು ದಬ್ಬಣದಿಂದ ಚರ್ರನೆ ಬಿಚ್ಚಿದಳು. ಆ ತುಂಡನ್ನು ನರಸಿಂಹರ ಮುಂದೆ ಹಿಡಿದಳು. ನಲವತ್ತು ವರ್ಷ ಬಜಾರಿನಲ್ಲಿ ಆಡಿದ ಅವಳ ದಖನಿ ಹಿಂದಿಯನ್ನು ನಾನು ಮರೆತೇಬಿಟ್ಟಿದ್ದೆ.

“ಸಾಬ್, ಮೇರಿ ನಾಕ್ ಮರ್ ಗಈ. ತೀನ್ ಸಾಲ್ ಹುಯೇ. ಯೇ ಟುಕಡಾ ಮೈಚ್ ಕಾಟೀ. ಆಪ್ ಸೂಂಘೋ.”

ಮೂಗು ಸತ್ತಿದೆ, ಕತ್ತರಿಸಿದವಳು ನಾನೇ, ನೀವು ಮೂಸಿ ನೋಡಿ. ಇದಕ್ಕೆ ಯಾರ ಅನುವಾದವೂ ಬೇಕಾಗಲಿಲ್ಲ. ನರಸಿಂಹ ತುಂಡನ್ನು ದೂರದಿಂದಲೇ ಮೂಸಿದರು. ಅವರ ಊರ ಕಡೆ ಔಡಲ ಬೆಳೆಯುತ್ತಾರಂತೆ. ಮುಖ ಒಮ್ಮೆಲೇ ಬದಲಾಯಿತು. ತಮಿಳಿನಲ್ಲಿ ಏನೋ ಅಂದರು, ಪೆನ್ನು ಜೇಬಿಗೆ ಇಟ್ಟರು, ಹೊರಗೆ ಹೋಗಿ ತಾವೇ ಲಾರಿಯ ಮುಂದೆ ನಿಂತರು.

ನನ್ನ ಹತ್ತಿರ ಬಂದಾಗ ಅವರು ಬೈಯಲಿಲ್ಲ. ಇಂಗ್ಲಿಷಿನಲ್ಲಿ ಒಂದೇ ಪ್ರಶ್ನೆ ಕೇಳಿದರು: ಆ ಅಮ್ಮ ಮೊದಲು ಹೇಳಿದ್ದೂ ಇದನ್ನೇ ಅಲ್ಲವೇ? ನಾನು ಹೌದು ಎಂದೆ.

ಆ ದಿನ ಲಾರಿ ಹೊರಡಲಿಲ್ಲ. ತೇಪೆ ಹಾಕಿದ ಚೀಲಗಳನ್ನೆಲ್ಲ ಬೇರೆ ಮಾಡಿದೆವು. ಒಂಬೈನೂರಕ್ಕೂ ಹೆಚ್ಚಿದ್ದವು. ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಬಿಸಿಲಿನಲ್ಲಿ ಹೊರುವಾಗ ಗಂಗೂಬಾಯಿಯೂ ಹೊತ್ತಳು. ಕೂಡು ಎಂದರೆ ಕೂಡಲಿಲ್ಲ. ನಾನು ಒಮ್ಮೆ ಬಟ್ಟೆ ಸರಿಸಿ ಒಂದು ತುಂಡನ್ನು ಮೂಸಿದೆ. ಈ ಕೆಲಸಕ್ಕೆ ಬಂದು ಎರಡು ವರ್ಷದಲ್ಲಿ ನಾನು ಗೋಣಿಗೆ ಮೂಗು ಹಚ್ಚಿದ್ದು ಅದೇ ಮೊದಲು. ಮುಗ್ಗು ಹಿಡಿದ ಎಣ್ಣೆಯಂಥ, ತಲೆ ಹಿಡಿಯುವ ವಾಸನೆ. ಯಾರಿಗಾದರೂ ಗೊತ್ತಾಗುವಂಥದು. ನನಗೂ ಗೊತ್ತಾಗುತ್ತಿತ್ತು, ಮೂಸಿದ್ದರೆ.

ಗಿರಾಕಿ ಮೂರು ತಿಂಗಳು ಖರೀದಿ ನಿಲ್ಲಿಸಿದ. ಸಾವುಕಾರರು ಹೇಳಿದಂತೆಯೇ ಆಯಿತು, ಹದಿನೇಳು ಹೆಂಗಸರು ಬಜಾರಿನ ಕಟ್ಟೆಗೆ ಮರಳಿದರು. ಕೆಲವರು ಗಂಗೂಬಾಯಿಯ ಮನೆಯ ಮುಂದೆ ನಿಂತು ಬಾಯಿಗೆ ಬಂದಂತೆ ಬೈದು ಹೋದರಂತೆ. ಆಮೇಲೆ ಖರೀದಿ ಮತ್ತೆ ಶುರುವಾಯಿತು. ಈಗ ಒಂದು ಕೆಂಪಿನ ಬದಲು ಎರಡು ಬಣ್ಣ ಇವೆ, ತೇಪೆಗೂ ಗುರುತಿದೆ, ಇಬ್ಬರು ಹೆಂಗಸರಿಗೆ ಮೂಸುವುದೇ ಕೆಲಸ. ಆ ಹದಿನೇಳು ಮಂದಿಯನ್ನು ವಾಪಸು ಕರೆದರು. ಗಂಗೂಬಾಯಿಯನ್ನು ಕರೆಯಲಿಲ್ಲ. ನನ್ನನ್ನು ಮಾತ್ರ ಕೆಲಸದಿಂದ ತೆಗೆಯಲಿಲ್ಲ. ಸುಳ್ಳು ಅನುವಾದ ಮಾಡಿದವಳು ಇನ್ನೂ ಸುಸ್ಥಿರತಾ ಅಧಿಕಾರಿ, ಸತ್ಯ ಹೇಳಿದವಳು ಮನೆಯಲ್ಲಿ. ಈ ಲೆಕ್ಕ ಯಾವ ದೇಶದ ಗಿರಾಕಿಗೂ ವಿಚಿತ್ರ ಎನಿಸಲಿಲ್ಲ. ಅವಳನ್ನು ವಾಪಸು ಕರೆಯಿರಿ ಎಂದು ನಾನು ಮೂರು ಸಲ ಬರೆದೆ. ಉತ್ತರ ಬಂದಿಲ್ಲ.

ಕ್ಷಮೆ ಕೇಳಲು ಹೋಗುವುದಕ್ಕೇ ನನಗೆ ಒಂದು ತಿಂಗಳು ಬೇಕಾಯಿತು. ನಾಂಪಲ್ಲಿಯ ಆ ಕೋಣೆಯಲ್ಲಿ ಶಿವಗಂಗಾ ಒಲೆಯ ಮುಂದಿದ್ದಳು. ಸೊರಗಿದ್ದಳು, ಆದರೆ ಉಸಿರು ಸರಾಗವಾಗಿತ್ತು. ಗೋಣಿಯ ಧೂಳಿನ ಹತ್ತಿರ ಜನ್ಮದಲ್ಲಿ ಹೋಗಬಾರದು ಎಂದು ಹೇಳಿ ಕಳಿಸಿದ್ದಾರಂತೆ, ಹಾಗಾಗಿ ಒಂದು ಮೆಸ್ಸಿನಲ್ಲಿ ರೊಟ್ಟಿ ಬಡಿಯಲು ಹೋಗುತ್ತಾಳೆ. ಚಹಾಕ್ಕೆ ಹಾಲು ಹಾಕುವ ಮೊದಲು ಗಂಗೂಬಾಯಿ ಪಾತ್ರೆಯನ್ನು ಅವಳ ಮೂಗಿನ ಹತ್ತಿರ ಹಿಡಿದಳು. ಕೆಟ್ಟಿಲ್ಲ ಎಂದು ಶಿವಗಂಗಾ ತಲೆಯಾಡಿಸಿದ ಮೇಲೆಯೇ ಸುರಿದಳು.

ನಾನು ಅಳಬಾರದೆಂದು ಗಟ್ಟಿ ಮಾಡಿಕೊಂಡು ಹೋದವಳು, ಅತ್ತೇಬಿಟ್ಟೆ. “ಆಯಿ, ನಿನ್ನ ಕೆಲಸಾ ಉಳಸಬೇಕಂತ ಸುಳ್ಳ ಹೇಳಿದೆ” ಎಂದೆ.

ಅವಳು ಚಹಾದ ಲೋಟ ನನ್ನ ಕೈಗಿಟ್ಟಳು. ಸಿಟ್ಟಿರಲಿಲ್ಲ, ಸಮಾಧಾನ ಮಾಡುವ ಆತುರವೂ ಇರಲಿಲ್ಲ.

“ಗೊತ್ತೈತಿ, ಬಾಯಾರ. ನೀವು ಸುಳ್ಳ ಹೇಳಿದ್ದು ನನ್ನ ಉಳಸಾಕ. ನಾ ಮೂಗು ಮುಚ್ಚಿಟ್ಟದ್ದೂ ನನ್ನ ಉಳಸಾಕ. ಇಬ್ಬರೂ ಕೂಡಿ ನನ್ನ ಉಳಸಾಕತ್ತಿದ್ವಿ, ಅಲ್ಲಿ ಉಸಿರು ಹೋಗಾಕತ್ತಿದ್ದು ಇಕಿದು.”